ಕನಿಕರ ಉಂಟು, ನಂಬಿಕೆ ಇಲ್ಲ: ಮನೋರೋಗದ ಮುಂದೆ ನಮ್ಮ ನರ್ಸಿಂಗ್ ವಿದ್ಯಾರ್ಥಿಗಳು

ಹಿಂದೂಪುರ: ಜಗಳ ಜೋರಾದಾಗ ನಮ್ಮ ಕಡೆ ಒಂದು ಮಾತು ತಪ್ಪದೇ ಬರುತ್ತದೆ. ‘ನಿನ್ನನ್ನ ಬೆಂಗಳೂರಿಗೆ ಕರ್ಕೊಂಡು ಹೋಗಿ ನಿಮ್ಹಾನ್ಸ್‌ಗೆ ಹಾಕಬೇಕು.’ ತೆಲುಗು ಮನೆಯಲ್ಲಾದರೆ ‘ಪಿಚ್ಚಾಸ್ಪತ್ರಿ’ ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಹಿಂದೂಪುರದ ಬಸ್ ನಿಲ್ದಾಣದಲ್ಲಿ, ಮಡಕಶಿರಾ, ಅಮರಾಪುರಂ, ರೊಳ್ಳದ ಹೊಲಗಳಲ್ಲಿ, ಅತ್ತ ಕಲ್ಯಾಣದುರ್ಗ, ರಾಯದುರ್ಗದ ಸಂತೆಯಲ್ಲಿ ಎಲ್ಲೇ ಕೇಳಿ, ಈ ಬೈಗುಳ ಎರಡೂ ಭಾಷೆಯಲ್ಲಿ ಸಲೀಸಾಗಿ ಓಡಾಡುತ್ತದೆ.

ಇದೇ ಊರುಗಳಿಂದ ಪ್ರತಿವರ್ಷ ಹುಡುಗಿಯರು, ಈಗೀಗ ಹುಡುಗರೂ, ಜಿ.ಎನ್.ಎಂ. ಮತ್ತು ಬಿ.ಎಸ್ಸಿ. ನರ್ಸಿಂಗ್ ಸೇರುತ್ತಾರೆ. ಕೆಲವರು ಜಿಲ್ಲೆಯಲ್ಲೇ ಓದುತ್ತಾರೆ. ಇನ್ನು ಕೆಲವರು ಬೆಂಗಳೂರು, ತುಮಕೂರು, ಬಳ್ಳಾರಿಯ ದಾರಿ ಹಿಡಿಯುತ್ತಾರೆ. ಜಿ.ಎನ್.ಎಂ.ನವರಿಗೆ ಎರಡನೇ ವರ್ಷ, ಬಿ.ಎಸ್ಸಿ.ಯವರಿಗೆ ಮೂರನೇ ವರ್ಷ ಒಂದು ವಿಷಯ ಎದುರಾಗುತ್ತದೆ: ಮಾನಸಿಕ ಆರೋಗ್ಯ ಶುಶ್ರೂಷೆ. ಆಗ ಒಂದಷ್ಟು ವಾರ ಮನೋರೋಗ ಆಸ್ಪತ್ರೆಯಲ್ಲಿ ಪೋಸ್ಟಿಂಗ್. ಚಿಕ್ಕಂದಿನಿಂದ ಬೈಗುಳವಾಗಿ ಕೇಳಿದ ಜಾಗಕ್ಕೆ ಬಿಳಿ ಕೋಟು ತೊಟ್ಟು ಹೋಗಬೇಕು.

ಹೋಗುವಾಗ ಅವರ ತಲೆಯಲ್ಲಿ ಏನಿರುತ್ತದೆ? ಬರುವಾಗ ಏನು ಹೊತ್ತು ತರುತ್ತಾರೆ? ಪ್ರಶ್ನೆ ಕಾಲೇಜಿನದ್ದು ಅನ್ನಿಸಬಹುದು. ಆದರೆ ಅದರ ಉತ್ತರ ನಮ್ಮ ಊರಿನ ಆಸ್ಪತ್ರೆಗೆ ಸೇರಿದ್ದು.

ಊರಿಗೆ ಯಾಕೆ ಸಂಬಂಧ?

ಮೊದಲನೆಯ ಕಾರಣ ಸರಳ. ಈಗ ಹಳ್ಳಿಯ ಆರೋಗ್ಯ ಕೇಂದ್ರದ ಬಾಗಿಲಲ್ಲಿ ಕೂರುವವರು ನರ್ಸಿಂಗ್ ಓದಿದವರೇ. ಆಂಧ್ರದ ವಿಲೇಜ್ ಹೆಲ್ತ್ ಕ್ಲಿನಿಕ್‌ಗಳಲ್ಲಿ ಎಂ.ಎಲ್.ಎಚ್.ಪಿ. ಅಂತ ಕರೆಯುವ ಹುದ್ದೆಯಲ್ಲಿರುವವರು ಬಿ.ಎಸ್ಸಿ. ನರ್ಸಿಂಗ್ ಪದವೀಧರರು. ಗಡಿಯಾಚೆ ಪಾವಗಡ, ಮಧುಗಿರಿ, ಗೌರಿಬಿದನೂರು, ಚಳ್ಳಕೆರೆ ಕಡೆ ಇವರಿಗೆ ಸಮುದಾಯ ಆರೋಗ್ಯ ಅಧಿಕಾರಿ ಅಂತ ಹೆಸರು. ಬಿ.ಪಿ., ಸಕ್ಕರೆ ಕಾಯಿಲೆ ನೋಡುವುದರ ಜೊತೆಗೆ ಮಾನಸಿಕ ಕಾಯಿಲೆಯನ್ನು ಗುರುತಿಸಿ ಮುಂದಕ್ಕೆ ಕಳಿಸುವುದೂ ಈ ಕೇಂದ್ರಗಳ ಸೇವೆಗಳ ಪಟ್ಟಿಯಲ್ಲಿದೆ. ಅಂದರೆ ನಿದ್ದೆ ಬಾರದ ಬಾಣಂತಿ, ಒಬ್ಬನೇ ಮಾತಾಡಿಕೊಳ್ಳುವ ಹುಡುಗ, ಸಾಲದ ಚಿಂತೆಯಲ್ಲಿ ಊಟ ಬಿಟ್ಟ ರೈತ, ಇವರೆಲ್ಲ ಮೊದಲು ಕಾಣುವುದು ಡಾಕ್ಟರನ್ನಲ್ಲ, ನರ್ಸಮ್ಮನನ್ನು.

ಎರಡನೆಯದು ಕಾನೂನು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರಲ್ಲಿ ‘ಮಾನಸಿಕ ಆರೋಗ್ಯ ನರ್ಸ್’ ಅಂದರೆ ಯಾರು ಎಂದು ಹೇಳುವಾಗ ಮನೋರೋಗ ಶುಶ್ರೂಷೆಯಲ್ಲಿ ವಿಶೇಷ ಡಿಪ್ಲೊಮಾ ಮಾಡಿದವರು ಮಾತ್ರ ಅಂದಿಲ್ಲ. ಸಾಮಾನ್ಯ ನರ್ಸಿಂಗ್‌ನಲ್ಲಿ ಡಿಪ್ಲೊಮಾ ಅಥವಾ ಪದವಿ ಪಡೆದು ನೋಂದಣಿ ಮಾಡಿಸಿದವರೂ ಈ ಅರ್ಥದೊಳಗೆ ಬರುತ್ತಾರೆ. ಕಾನೂನಿನ ಕಣ್ಣಿಗೆ ನಮ್ಮ ಊರಿನ ಸಾಮಾನ್ಯ ನರ್ಸ್ ಕೂಡ ಮಾನಸಿಕ ಆರೋಗ್ಯ ನರ್ಸ್. ಇಂಥ ಸಿಬ್ಬಂದಿಯ ಸಂಖ್ಯೆಯನ್ನು ಕಾಯ್ದೆ ಜಾರಿಯಾದ ಹತ್ತು ವರ್ಷದೊಳಗೆ ಅಂತಾರಾಷ್ಟ್ರೀಯ ಮಟ್ಟಕ್ಕೆ ತರಬೇಕು ಎಂದೂ ಅದೇ ಕಾಯ್ದೆಯ 31ನೇ ಕಲಂ ಸರ್ಕಾರಗಳಿಗೆ ಹೇಳುತ್ತದೆ. ಲೆಕ್ಕ ಹಾಕಿದರೆ ಗಡುವು 2028ರ ಮೇ.

ಮೂರನೆಯದು ಅಗತ್ಯ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಆ 12ರಲ್ಲಿ ಆಂಧ್ರವೂ ಇರಲಿಲ್ಲ, ಕರ್ನಾಟಕವೂ ಇರಲಿಲ್ಲ. ಆದರೆ ಸಮೀಕ್ಷೆಗೆ ಮುಂಚಿನ ಪ್ರಾಯೋಗಿಕ ಅಧ್ಯಯನ ನಡೆದದ್ದು ನಮ್ಮ ಮಗ್ಗುಲಲ್ಲೇ, ಕೋಲಾರ ಜಿಲ್ಲೆಯಲ್ಲಿ. ಚಿಕಿತ್ಸೆ ಬೇಕಿದ್ದೂ ಸಿಗದವರ ಪ್ರಮಾಣ ಬೇರೆ ಬೇರೆ ಕಾಯಿಲೆಗೆ ಶೇ. 70ರಿಂದ 92ರವರೆಗೆ ಇತ್ತು. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ಹೀಗಿರುವಾಗ ನರ್ಸ್ ಒಬ್ಬಳು ‘ಇದು ಕಾಯಿಲೆ, ವಾಸಿಯಾಗುತ್ತೆ’ ಎಂದು ನಂಬುತ್ತಾಳೋ ಇಲ್ಲವೋ ಎನ್ನುವುದು ಸಣ್ಣ ವಿಷಯವಲ್ಲ.

ಅಧ್ಯಯನ ಏನು ಹೇಳುತ್ತದೆ?

ಈ ಬಗ್ಗೆ ಬೆಂಗಳೂರಿನಲ್ಲಿ ಕೆಲಸ ಆಗಿದೆ. ನಿಮ್ಹಾನ್ಸ್‌ನ ನರ್ಸಿಂಗ್ ವಿಭಾಗದ ವಿಜಯಲಕ್ಷ್ಮಿ ಪೊರೆಡ್ಡಿ ಮತ್ತು ಸಂಗಡಿಗರು ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳ ಮನೋಭಾವವನ್ನು ಅಳೆದು 2014ರಲ್ಲಿ ಇಂಡಿಯನ್ ಜರ್ನಲ್ ಆಫ್ ಸೈಕಲಾಜಿಕಲ್ ಮೆಡಿಸಿನ್‌ನಲ್ಲಿ ಪ್ರಕಟಿಸಿದರು. ಅವರು ಬಳಸಿದ ಅಳತೆಗೋಲಿನಲ್ಲಿ ಆರು ಭಾಗಗಳಿವೆ: ರೋಗಿಯನ್ನು ದೂರ ಇಡುವ ಮನಸ್ಸು, ಎಲ್ಲರೂ ಹೀಗೇ ಎಂದು ಅಚ್ಚು ಹೊಡೆಯುವುದು, ಕಟ್ಟುಪಾಡು ಹೇರುವುದು, ದಯೆ, ‘ಇವರು ಸುಧಾರಿಸುವುದಿಲ್ಲ’ ಎಂಬ ನಿರಾಶೆ, ಮತ್ತು ಕಳಂಕ.

ಸಿಕ್ಕ ಚಿತ್ರ ಕುತೂಹಲದ್ದು. ದಯೆಯಲ್ಲಿ ವಿದ್ಯಾರ್ಥಿಗಳು ಚೆನ್ನಾಗಿದ್ದರು. ಕಟ್ಟುಪಾಡು ಹೇರಬೇಕು, ಇದು ನಾಚಿಕೆಗೇಡು ಎಂಬ ಭಾವನೆಯೂ ಅಷ್ಟಾಗಿ ಇರಲಿಲ್ಲ. ಎಡವಿದ್ದು ಉಳಿದ ಮೂರರಲ್ಲಿ: ದೂರ ಇಡುವುದು, ಅಚ್ಚು ಹೊಡೆಯುವುದು, ನಿರಾಶೆ.

ಒಂದು ಕಾಲೇಜಿನ ಒಂದು ಅಧ್ಯಯನದಿಂದ ಎಲ್ಲರ ಬಗ್ಗೆ ತೀರ್ಪು ಕೊಡಲಾಗದು, ನಿಜ. ಆದರೂ ಈ ಚಿತ್ರ ನಮ್ಮ ಕಡೆಯವರಿಗೆ ಹೊಸದಾಗಿ ಕಾಣುವುದಿಲ್ಲ. ‘ಪಾಪ’ ಅನ್ನುತ್ತೇವೆ. ಊಟ ಹಾಕುತ್ತೇವೆ. ಹಳೆ ಬಟ್ಟೆ ಕೊಡುತ್ತೇವೆ. ಮನೆ ಬಾಡಿಗೆಗೆ ಕೊಡುವುದಿಲ್ಲ, ಕೂಲಿಗೆ ಕರೆಯುವುದಿಲ್ಲ, ಸಂಬಂಧ ಬೆಳೆಸುವುದಿಲ್ಲ. ಕನಿಕರ ಉಂಟು, ನಂಬಿಕೆ ಇಲ್ಲ. ವಿದ್ಯಾರ್ಥಿಗಳು ಬೇರೆ ಗ್ರಹದಿಂದ ಬಂದವರಲ್ಲ, ನಮ್ಮ ಮನೆಯವರೇ. ನಮ್ಮ ಮನಸ್ಸನ್ನೇ ತರಗತಿಗೆ ಹೊತ್ತುಕೊಂಡು ಹೋಗುತ್ತಾರೆ.

ಕನಿಕರ ಇದ್ದರೆ ಸಾಲದೇ ಎಂದು ಕೇಳಬಹುದು. ಸಾಲದು. ಸಕ್ಕರೆ ಕಾಯಿಲೆಯವನನ್ನು ‘ಪಾಪ’ ಎಂದು ಬಿಡದೆ ‘ಮಾತ್ರೆ ನುಂಗಿದೆಯಾ, ಪಥ್ಯ ಮಾಡ್ತಿದ್ದೀಯಾ’ ಎಂದು ಗದರುತ್ತಾಳೆ ನರ್ಸ್. ಯಾಕೆಂದರೆ ಮಾಡಿದರೆ ಪ್ರಯೋಜನ ಉಂಟು ಎಂದು ಅವಳಿಗೆ ಗೊತ್ತು. ಮನೋರೋಗಿ ತಿಂಗಳ ಮಾತ್ರೆಗೆ ಬರದಿದ್ದಾಗ ಅವಳು ವಿಚಾರಿಸಲು ಹೋಗುವುದು ಅದೇ ನಂಬಿಕೆ ಇದ್ದಾಗ ಮಾತ್ರ. ಕೆಲವರಿಗೆ ದಿನವೂ ಮಾತ್ರೆಯ ಬದಲು ಹದಿನೈದು ದಿನಕ್ಕೋ ತಿಂಗಳಿಗೋ ಒಂದು ಇಂಜೆಕ್ಷನ್ ಸಾಕಾಗುತ್ತದೆ. ಅದನ್ನು ಕೊಡುವ ಕೈಯೂ ನರ್ಸಿನದ್ದೇ. ಅವಳೇ ‘ಇವರದ್ದು ಇಷ್ಟೇ’ ಅಂದುಕೊಂಡರೆ ಇಂಜೆಕ್ಷನ್ ಎರಡು ಸಲ ತಪ್ಪುತ್ತದೆ, ಮೂರನೇ ಸಲ ರೋಗಿ ಮತ್ತೆ ಬೀದಿಗೆ ಬರುತ್ತಾನೆ. ಆಗ ಊರು ‘ನಾವು ಹೇಳಿರಲಿಲ್ಲವೇ’ ಅನ್ನುತ್ತದೆ.

ವಾರ್ಡಿನಲ್ಲಿ ಕಾಣುವವರು, ವಾರ್ಡಿನಲ್ಲಿ ಕಾಣದವರು

ಈ ನಿರಾಶೆ ಎಲ್ಲಿಂದ ಬಂತು? ಅರ್ಧ ಊರಿನಿಂದ ಬಂತು ಎಂದಾಯಿತು. ಇನ್ನರ್ಧ ಬರುವುದು, ಆಶ್ಚರ್ಯ ಅನ್ನಿಸಬಹುದು, ಆಸ್ಪತ್ರೆಯ ಪೋಸ್ಟಿಂಗ್‌ನಿಂದಲೇ.

ದೊಡ್ಡ ಆಸ್ಪತ್ರೆಯ ಒಳರೋಗಿ ವಾರ್ಡಿಗೆ ಯಾರು ಸೇರುತ್ತಾರೆ? ಕಾಯಿಲೆ ಉಲ್ಬಣಿಸಿದವರು, ಮತ್ತೆ ಮತ್ತೆ ಮರುಕಳಿಸಿದವರು, ಮನೆಯವರ ಕೈಮೀರಿದವರು. ವಿದ್ಯಾರ್ಥಿನಿ ಕೆಲವೇ ವಾರದಲ್ಲಿ ನೋಡುವುದು ಇವರನ್ನೇ. ಒಬ್ಬ ರೋಗಿ ಸುಧಾರಿಸಿ ಮನೆಗೆ ಹೊರಡುವ ಹೊತ್ತಿಗೆ ಅವಳ ಪೋಸ್ಟಿಂಗೇ ಮುಗಿದಿರುತ್ತದೆ. ಚೇತರಿಸಿಕೊಂಡು ಊರಲ್ಲಿ ಶೇಂಗಾ ಬಿತ್ತುತ್ತಿರುವವನು, ರೇಷ್ಮೆ ಹುಳು ಸಾಕುತ್ತಿರುವವಳು ವಾರ್ಡಿಗೆ ಬರುವುದೇ ಇಲ್ಲ. ಅವರು ಕಾಣುವುದಿಲ್ಲ, ಆದ್ದರಿಂದ ಇಲ್ಲ ಎನಿಸುತ್ತದೆ. ಪೆಟ್ಟಾದ ಬಸ್ಸುಗಳನ್ನು ಮಾತ್ರ ನೋಡುವ ಗ್ಯಾರೇಜಿನವನಿಗೆ ಎಲ್ಲಾ ಬಸ್ಸೂ ಕೆಟ್ಟದ್ದೇ ಅನ್ನಿಸುವ ಹಾಗೆ. ಇದನ್ನು 1984ರಲ್ಲೇ ಅಮೆರಿಕದ ಇಬ್ಬರು ಸಂಶೋಧಕರು ‘ವೈದ್ಯರ ಭ್ರಮೆ’ ಎಂದು ಕರೆದರು. ದೀರ್ಘಕಾಲದ ರೋಗಿಗಳೇ ಕಣ್ಣಿಗೆ ಬೀಳುವುದರಿಂದ ಕಾಯಿಲೆ ನಿಜಕ್ಕಿಂತ ಕೆಟ್ಟದಾಗಿ ಕಾಣುತ್ತದೆ ಎಂಬುದು ಅದರ ತಿರುಳು.

ವಾರ್ಡಿನಲ್ಲಿ ಕಾಣದವರು ಇದ್ದಾರೆಯೇ? ಇದ್ದಾರೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ತುಮಕೂರು ಜಿಲ್ಲೆಯ ತುರುವೇಕೆರೆ ತಾಲೂಕುಗಳಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರನ್ನು ಊರೂರಲ್ಲೇ ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಡಿಸಿ, ವರ್ಷಗಟ್ಟಲೆ ಜೊತೆಗಿದ್ದರು. ಚಿಕಿತ್ಸೆ ಪಡೆಯುತ್ತಿದ್ದವರು ಪಡೆಯದವರಿಗಿಂತ ದಿನನಿತ್ಯದ ಬದುಕಿನಲ್ಲಿ ಕಡಿಮೆ ಅಸಹಾಯಕರಾಗಿದ್ದರು. ಕೆಲಸಕ್ಕೆ ಹೋಗುವವರೂ ಇದ್ದರು. ಇದು ಅಮೆರಿಕದ ಕಥೆಯಲ್ಲ. ತುರುವೇಕೆರೆಗೂ ಮಡಕಶಿರಾಕ್ಕೂ ಮಧ್ಯೆ ಇರುವುದು ಕೆಲವು ತಾಲೂಕುಗಳಷ್ಟೇ.

ಹಾಗಾದರೆ ಪಾಠ ಹೇಳಿಕೊಟ್ಟರೆ ಮನಸ್ಸು ಬದಲಾಗುವುದಿಲ್ಲವೇ? ಸ್ವಲ್ಪ ಆಗುತ್ತದೆ. 2012ರಲ್ಲಿ ಪ್ಯಾಟ್ರಿಕ್ ಕೊರಿಗನ್ ಮತ್ತು ಸಂಗಡಿಗರು ಜಗತ್ತಿನ 72 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ವಯಸ್ಕರಲ್ಲಿ ಭಾಷಣ, ಪಾಠಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಚೇತರಿಸಿಕೊಂಡ ವ್ಯಕ್ತಿಯ ಮುಖಾಮುಖಿ ಭೇಟಿ. ಕಳಂಕದ ವಿರುದ್ಧ 2022ರಲ್ಲಿ ಬಂದ ಲ್ಯಾನ್ಸೆಟ್ ಆಯೋಗದ ವರದಿಯೂ ಇದನ್ನೇ ಹೇಳಿತು. ಮುಖ ನೋಡಿದರೆ ಭಯ ಹೋಗುತ್ತದೆ ಎಂಬ ಅಜ್ಜಿಯ ಮಾತಿಗೆ ಇದೊಂದು ದೊಡ್ಡ ಸಹಿ. ಆದರೆ ಯಾರ ಮುಖ ಎಂಬುದು ಮುಖ್ಯ. ಬರೀ ಉಲ್ಬಣಗೊಂಡ ರೋಗಿಯ ಮುಖ ನೋಡಿದರೆ ಭಯ ಹೆಚ್ಚಾಗಲೂಬಹುದು.

ಹುಡುಗಿಯರನ್ನು ದೂರಿ ಫಲವಿಲ್ಲ

ಇಲ್ಲಿ ಒಂದು ನ್ಯಾಯದ ಮಾತು. ವಿದ್ಯಾರ್ಥಿಗಳ ಭಯವೆಲ್ಲ ಮೂಢನಂಬಿಕೆಯಲ್ಲ. ಹತ್ತೊಂಬತ್ತು, ಇಪ್ಪತ್ತರ ಹುಡುಗಿ. ಮೊದಲ ಸಲ ಬೀಗ ಹಾಕಿದ ವಾರ್ಡಿನೊಳಗೆ ಹೋಗುತ್ತಾಳೆ. ಜನ ಜಾಸ್ತಿ, ಸಿಬ್ಬಂದಿ ಕಡಿಮೆ. ಯಾರೋ ಕಿರುಚುತ್ತಾರೆ, ಯಾರೋ ಕೈ ಹಿಡಿದೆಳೆಯುತ್ತಾರೆ. ಏನು ಮಾಡಬೇಕು, ಎಲ್ಲಿ ನಿಲ್ಲಬೇಕು, ಯಾರನ್ನು ಕರೆಯಬೇಕು ಎಂದು ಮೊದಲೇ ಹೇಳಿಕೊಡದಿದ್ದರೆ ಹೆದರದೆ ಇನ್ನೇನು? ಮನೋರೋಗಿಗಳು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ತುತ್ತಾಗುವುದೇ ಹೆಚ್ಚು ಎಂಬುದು ನಿಜ. ಆದರೆ ಆ ನಿಜ ಅವಳಿಗೆ ಧೈರ್ಯ ಕೊಡಬೇಕಾದರೆ ಪಕ್ಕದಲ್ಲಿ ಅನುಭವಿ ಸಿಸ್ಟರ್ ಒಬ್ಬರು ನಿಂತಿರಬೇಕು.

ಕರೆಂಟ್ ಚಿಕಿತ್ಸೆಯದ್ದೂ ಇದೇ ಕಥೆ. ಸಿನಿಮಾದಲ್ಲಿ ಅದು ಶಿಕ್ಷೆ. ಕೈಕಾಲು ಕಟ್ಟಿ, ಹಲ್ಲು ಕಚ್ಚಿಸಿ, ಬೆಂಕಿ ಕಾರುವ ಯಂತ್ರ. ವಾಸ್ತವದಲ್ಲಿ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧ ಕೊಟ್ಟು ಮಾಡುವ ಚಿಕಿತ್ಸೆ ಅದು. ಇವೆರಡು ಇಲ್ಲದೆ ಮಾಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ತೀವ್ರ ಖಿನ್ನತೆಯಲ್ಲಿ ಅನ್ನ ನೀರು ಬಿಟ್ಟವರನ್ನು ಅದು ಉಳಿಸಿದ್ದೂ ಇದೆ. ವಿದ್ಯಾರ್ಥಿನಿ ಅದನ್ನು ಒಮ್ಮೆ ಕಣ್ಣಾರೆ ನೋಡಿದರೆ ಸಿನಿಮಾ ಮರೆಯುತ್ತಾಳೆ.

ಇನ್ನೊಂದು ಭಯ ಮನೆಯದ್ದು. ‘ಆ ವಾರ್ಡಿನ ಕೆಲಸ ಹಿಡಿದರೆ ಗಂಡು ಸಿಗೋದಿಲ್ಲ’ ಎಂಬ ಮಾತು. ರೋಗಿಗೆ ಅಂಟಿದ ಕಳಂಕ ಆರೈಕೆ ಮಾಡುವವಳಿಗೂ ಅಂಟುತ್ತದೆ. ಇದು ನಮ್ಮ ದೇಶದ್ದಷ್ಟೇ ಅಲ್ಲ. ಆಸ್ಟ್ರೇಲಿಯಾದಲ್ಲಿ ಬ್ರೆಂಡಾ ಹ್ಯಾಪೆಲ್ ಎಂಬ ನರ್ಸಿಂಗ್ ಪ್ರಾಧ್ಯಾಪಕಿ ವರ್ಷಗಟ್ಟಲೆ ಅಧ್ಯಯನ ಮಾಡಿದಾಗಲೂ ವಿದ್ಯಾರ್ಥಿಗಳ ಆಯ್ಕೆಯಲ್ಲಿ ಮನೋರೋಗ ಶುಶ್ರೂಷೆ ಪಟ್ಟಿಯ ಕೆಳಗೇ ಇತ್ತು. ಒಳ್ಳೆಯ ಪೋಸ್ಟಿಂಗ್ ಸಿಕ್ಕವರಲ್ಲಿ ಮಾತ್ರ ಅಭಿಪ್ರಾಯ ಸುಧಾರಿಸಿತ್ತು.

ಮರೆಯಬಾರದ ಮತ್ತೊಂದು ಸಂಗತಿ: ಈ ವಿದ್ಯಾರ್ಥಿಗಳಿಗೂ ಮನಸ್ಸಿದೆ. ಹಾಸ್ಟೆಲ್, ರಾತ್ರಿ ಪಾಳಿ, ಇಂಗ್ಲಿಷ್ ಪುಸ್ತಕ, ಅಪ್ಪ ಮಾಡಿದ ಫೀಸಿನ ಸಾಲ. ಅವರಲ್ಲೇ ಒಬ್ಬಳಿಗೆ ನಿದ್ದೆ ಬಾರದೆ ಹೋದರೆ, ಅಳು ನಿಲ್ಲದೆ ಹೋದರೆ, ಯಾರಿಗೆ ಹೇಳುತ್ತಾಳೆ? ಮನೋರೋಗ ಅಂದರೆ ಅವಮಾನ ಎಂದು ಕಲಿತವಳು ತನ್ನ ಕಾಯಿಲೆಯನ್ನೇ ಮೊದಲು ಮುಚ್ಚಿಡುತ್ತಾಳೆ.

ಪುಸ್ತಕ ಇಂಗ್ಲಿಷು, ನೋವು ಕನ್ನಡ ತೆಲುಗು

ನಮ್ಮ ಗಡಿಯಲ್ಲಿ ಯಾರೂ ಬಂದು ‘ನನಗೆ ಖಿನ್ನತೆ’ ಎನ್ನುವುದಿಲ್ಲ. ‘ಎದೆ ಭಾರ’, ‘ತಲೆ ಧಿಮ್ ಅನ್ನುತ್ತೆ’, ‘ಕೈಕಾಲು ಜೋಮು’, ‘ಹೊಟ್ಟೆಯೊಳಗೆ ಸಂಕಟ’ ಅನ್ನುತ್ತಾರೆ. ತೆಲುಗಿನವರು ‘ಗುಂಡೆ ದಡ’ ಅನ್ನುತ್ತಾರೆ, ‘ಮನಸು ಬಾಗಲೇದು’ ಅನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ತಾಯಿ ಕನ್ನಡದಲ್ಲಿ ಶುರುಮಾಡಿ, ಅಳು ಬಂದಾಗ ತೆಲುಗಿಗೆ ಹೊರಳುತ್ತಾಳೆ, ಅಥವಾ ಉಲ್ಟಾ. ಗಟ್ಟಿ ಮಾತು ಒಂದು ಭಾಷೆಯಲ್ಲಿ, ನೋವು ಇನ್ನೊಂದು ಭಾಷೆಯಲ್ಲಿ.

ನರ್ಸಿಂಗ್ ಪುಸ್ತಕದಲ್ಲಿ ರೋಗಿಯ ಮನಸ್ಥಿತಿ ಪರೀಕ್ಷೆ ಎಂದು ಒಂದು ಅಧ್ಯಾಯ ಇರುತ್ತದೆ. ಅದರಲ್ಲಿ ಗಾದೆಯ ಅರ್ಥ ಕೇಳುವ ಕ್ರಮ ಇದೆ. ಮನುಷ್ಯ ಮಾತಿನ ಹಿಂದಿನ ಅರ್ಥ ಹಿಡಿಯಬಲ್ಲನೇ ಎಂದು ನೋಡಲು. ಇಂಗ್ಲಿಷ್ ಗಾದೆ ಕೇಳಿದರೆ ಕಲ್ಯಾಣದುರ್ಗದ ಕುರಿಗಾಹಿ ಪಿಳಿಪಿಳಿ ನೋಡುತ್ತಾನೆ, ಅವನಿಗೆ ಬುದ್ಧಿ ಮಂದ ಎಂದು ಬರೆದುಬಿಡಬಹುದು. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂದು ಕೇಳಿ, ಅಥವಾ ‘ತೆಲ್ಲನಿವನ್ನೀ ಪಾಲು ಕಾವು’ ಎಂದು ಕೇಳಿ. ಒಂದೇ ಗಾದೆ, ಎರಡು ಭಾಷೆ. ಉತ್ತರ ತಟ್ಟನೆ ಬರುತ್ತದೆ. ಈ ವಿಷಯದಲ್ಲಿ ಗಡಿಯ ಹುಡುಗಿಗೆ ಬೆಂಗಳೂರಿನವಳಿಗಿಂತ ಒಂದು ಕೈ ಮೇಲು. ಎರಡು ಭಾಷೆ ಬಲ್ಲವಳು ವಾರ್ಡಿನಲ್ಲಿ ಎರಡು ಪಟ್ಟು ಬೆಲೆಬಾಳುತ್ತಾಳೆ. ಅದನ್ನು ಅವಳಿಗೆ ಯಾರಾದರೂ ಹೇಳಬೇಕಷ್ಟೆ.

ಭಾಷೆಯ ಇನ್ನೊಂದು ಮುಖವೂ ಇದೆ. ‘ಹುಚ್ಚ’, ‘ಪಿಚ್ಚೋಡು’, ‘ಮೆಂಟಲ್’. ಮೂರು ಭಾಷೆಯಲ್ಲಿ ಮೂರು ಕಲ್ಲು. ಸಿಬ್ಬಂದಿ ಕೋಣೆಯಲ್ಲಿ ನಗೆಗೆಂದು ಆಡಿದ ಮಾತು ವಿದ್ಯಾರ್ಥಿನಿಯ ಕಿವಿಗೆ ಬಿದ್ದರೆ, ತರಗತಿಯಲ್ಲಿ ಕಲಿತ ‘ಮಾನಸಿಕ ಅಸ್ವಸ್ಥತೆ ಇರುವ ವ್ಯಕ್ತಿ’ ಎಂಬ ಪದ ಪರೀಕ್ಷೆಯ ಹಾಳೆಯಲ್ಲೇ ಉಳಿಯುತ್ತದೆ.

ಗುಡಿ, ದರ್ಗಾ, ಆಸ್ಪತ್ರೆ

ಗಾಳಿ ಸೋಕಿದೆ, ದೆವ್ವ ಹಿಡಿದಿದೆ, ಯಾರೋ ಮಾಟ ಮಾಡಿಸಿದ್ದಾರೆ. ಇಲ್ಲಿಂದಲೇ ನಮ್ಮಲ್ಲಿ ಚಿಕಿತ್ಸೆ ಶುರು. ಮೊದಲು ತಾಯತ, ಆಮೇಲೆ ಗುಡಿ ಅಥವಾ ದರ್ಗಾ, ಕೊನೆಗೆ ಸಾಲ ಮಾಡಿ ಬೆಂಗಳೂರು. ವಿದ್ಯಾರ್ಥಿನಿ ಇದನ್ನು ನೋಡಿ ‘ಅನಕ್ಷರಸ್ಥರು’ ಎಂದು ಮೂಗು ಮುರಿದರೆ ಮನೆಯವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ಈ ವಿಷಯ ಕಪ್ಪು ಬಿಳುಪಲ್ಲ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯೊಂದರಲ್ಲಿ ತಂಗಿದ್ದ ಮನೋರೋಗಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಅಲ್ಲಿ ಹೊಡೆತ ಇರಲಿಲ್ಲ, ಸರಪಳಿ ಇರಲಿಲ್ಲ. ನೆಮ್ಮದಿಯ ಜಾಗ, ಸಣ್ಣಪುಟ್ಟ ಕೆಲಸ, ಜೊತೆಗೆ ಮನೆಯವರು. ರೋಗಲಕ್ಷಣ ಒಂದಷ್ಟು ಇಳಿದಿತ್ತು. ಅದಕ್ಕೆ ವಿರುದ್ಧವಾದ ಚಿತ್ರವೂ ಅದೇ ತಮಿಳುನಾಡಿನದ್ದು. 2001ರ ಆಗಸ್ಟ್ 6ರ ಬೆಳಗ್ಗೆ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯ ಖಾಸಗಿ ಆಶ್ರಮದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದವರು ಓಡಲಾಗಲಿಲ್ಲ. ಸತ್ತವರು 28 ಮಂದಿ.

ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಈಗ ಕಾಯ್ದೆ ಯಾವ ರೂಪದಲ್ಲೂ ಒಪ್ಪುವುದಿಲ್ಲ. ನರ್ಸ್‌ಗೆ ಬೇಕಾದ ಜಾಣ್ಮೆ ಇಷ್ಟೆ: ಪೂಜೆ ಬಿಡಿ ಎನ್ನದೆ ಮಾತ್ರೆ ಬಿಡಬೇಡಿ ಎನ್ನುವುದು, ಸರಪಳಿ ಕಂಡರೆ ಮಾತ್ರ ಸುಮ್ಮನಿರದಿರುವುದು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ‘ದವಾ ಔರ್ ದುವಾ’ ಎಂಬ ಕಾರ್ಯಕ್ರಮ ಇದೇ ತತ್ವದ ಮೇಲೆ ನಡೆದಿದೆ. ಔಷಧಿಯೂ ಇರಲಿ, ಪ್ರಾರ್ಥನೆಯೂ ಇರಲಿ.

ಬಳ್ಳಾರಿ ಕಲಿಸಿದ್ದು

ಇಷ್ಟೆಲ್ಲ ಹೇಳಿ ‘ನಮ್ಮಂಥ ಬರಗಾಲದ ಸೀಮೆಯಲ್ಲಿ ಇದೆಲ್ಲ ಆಗುವುದೇ’ ಎಂದು ಕೇಳುವವರಿಗೆ ಉತ್ತರ ದೂರದಲ್ಲಿಲ್ಲ. ರಾಯದುರ್ಗ ದಾಟಿ ಸುಮಾರು ಐವತ್ತು ಕಿ.ಮೀ. ಹೋದರೆ ಬಳ್ಳಾರಿ. 1882ರವರೆಗೆ ಅನಂತಪುರವೂ ಆ ಜಿಲ್ಲೆಯದ್ದೇ ಭಾಗ. ರಾಯದುರ್ಗ ಆಂಧ್ರಕ್ಕೆ ಬಂದದ್ದು 1953ರಲ್ಲಿ.

1985ರಿಂದ 1990ರವರೆಗೆ ನಿಮ್ಹಾನ್ಸ್ ಇದೇ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು. ಆರ್. ಶ್ರೀನಿವಾಸ ಮೂರ್ತಿ, ಮೋಹನ್ ಐಸಾಕ್, ಕನ್ನಡ ಓದುಗರಿಗೆಲ್ಲ ಪರಿಚಿತರಾದ ಸಿ.ಆರ್. ಚಂದ್ರಶೇಖರ್ ಮುಂತಾದವರು ಅದರ ಹಿಂದಿದ್ದರು. ದೊಡ್ಡ ಕಟ್ಟಡ ಕಟ್ಟಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ ಕಡಿಮೆ ಅವಧಿಯ ತರಬೇತಿ ಕೊಟ್ಟರು. ಬೆರಳೆಣಿಕೆಯ ಔಷಧಿ, ಸರಳ ದಾಖಲೆ ಪುಸ್ತಕ, ಜಿಲ್ಲಾ ಕೇಂದ್ರದಲ್ಲಿ ಒಬ್ಬ ಮನೋವೈದ್ಯರ ಬೆಂಬಲ. ಅಷ್ಟರಲ್ಲೇ ಅಪಸ್ಮಾರ, ಮನೋರೋಗಗಳಿಗೆ ತಮ್ಮ ಊರ ಹತ್ತಿರವೇ ಚಿಕಿತ್ಸೆ ಸಿಗುವಂತಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಈ ಬಳ್ಳಾರಿಯೇ. ದೆಹಲಿ ಕಲಿತದ್ದು ನಮ್ಮ ಪಕ್ಕದ ಊರಿಂದ.

ಬಳ್ಳಾರಿಯ ಗುಟ್ಟು ಏನು? ಮನೋರೋಗವನ್ನು ಬೀಗದ ವಾರ್ಡಿನಿಂದ ಆಚೆ ತಂದು ಜ್ವರ, ಕೆಮ್ಮಿನ ಸಾಲಿನಲ್ಲಿ ನಿಲ್ಲಿಸಿದ್ದು. ಆರೋಗ್ಯ ಕಾರ್ಯಕರ್ತೆ ರೋಗಿಯನ್ನು ಅವನ ಜಗುಲಿಯ ಮೇಲೆ ನೋಡಿದಳು, ಸುಧಾರಿಸಿದ್ದನ್ನೂ ಅಲ್ಲೇ ನೋಡಿದಳು. ನಮ್ಮ ನರ್ಸಿಂಗ್ ಪೋಸ್ಟಿಂಗ್‌ನಲ್ಲಿ ತಪ್ಪಿಹೋಗಿರುವುದು ಈ ಎರಡನೆಯದು.

ಎಮರ್ಜೆನ್ಸಿಯಲ್ಲಿ ಆಡುವ ಒಂದು ಮಾತು

ಮನೋರೋಗ ಶುಶ್ರೂಷೆ ಅಂದರೆ ಮನೋರೋಗ ವಾರ್ಡು ಮಾತ್ರವಲ್ಲ. ಅನಂತಪುರ ಸೀಮೆಯ ರೈತರ ಆತ್ಮಹತ್ಯೆಗಳ ಸುದ್ದಿ ಓದಿ ನಾವು ದಶಕಗಳಿಂದ ನಡುಗಿದ್ದೇವೆ. ಬದುಕಿ ಉಳಿಯುವವರು ಮೊದಲು ಬರುವುದು ಹಿಂದೂಪುರ, ಕಲ್ಯಾಣದುರ್ಗದಂಥ ಊರಿನ ಸಾಮಾನ್ಯ ಆಸ್ಪತ್ರೆಯ ಎಮರ್ಜೆನ್ಸಿಗೆ. ಅಲ್ಲಿ ಕೈ ಹಿಡಿಯುವುದು ಸಾಮಾನ್ಯ ನರ್ಸ್. ‘ಯಾಕೆ ಬೇಕಿತ್ತು ನಿನಗೆ ಇದು, ನಮಗೆ ಕೆಲಸ ಹೆಚ್ಚು ಮಾಡೋಕೆ’ ಎಂದು ಒಬ್ಬರು ಹೇಳಬಹುದು. ‘ಬಂದಿದ್ದು ಒಳ್ಳೇದಾಯ್ತು, ಈಗ ಹೇಗನ್ನಿಸ್ತಿದೆ’ ಎಂದು ಇನ್ನೊಬ್ಬರು ಹೇಳಬಹುದು. ಎರಡೂ ವಾಕ್ಯಕ್ಕೆ ತಗಲುವ ಸಮಯ ಒಂದೇ. ಮನೆಗೆ ಹೋದ ಮೇಲೆ ಆ ಮನುಷ್ಯ ಮತ್ತೆ ಸಹಾಯ ಕೇಳಿ ಬರುತ್ತಾನೋ ಇಲ್ಲವೋ ಎಂಬುದು ಈ ಮಾತಿನ ಮೇಲೂ ನಿಂತಿದೆ.

ಪೊಲೀಸ್ ಕೇಸಿನ ಹೆದರಿಕೆಯೂ ಒಂದಿತ್ತು. 2017ರ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದ ಎಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡಬೇಕಾದ ಹೊಣೆ ಸರ್ಕಾರದ್ದು. ಹಳೆಯ ಐ.ಪಿ.ಸಿ.ಯ 309ನೇ ಕಲಂ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರನನ್ನು ಬೆದರಿಸಲು ಹಾಗೆ ಮಾಡಿದರೆ ಮಾತ್ರ ಅಪರಾಧ. ಇದು ನರ್ಸ್‌ಗೂ ಗೊತ್ತಿರಬೇಕು, ಮನೆಯವರಿಗೂ.

ಗಡಿಯ ತೊಡಕು

2022ರ ಏಪ್ರಿಲ್ 4ರಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿದಿದೆ. ಕಾರ್ಯಕ್ರಮಗಳೆಲ್ಲ ಜಿಲ್ಲಾ ಲೆಕ್ಕದಲ್ಲಿ, ರಾಜ್ಯದ ಲೆಕ್ಕದಲ್ಲಿ ನಡೆಯುತ್ತವೆ. ಆದರೆ ರೋಗಿಯ ದಾರಿ ಬೇರೆ. ರಾಜ್ಯದ ಹಳೆಯ ಸರ್ಕಾರಿ ಮನೋರೋಗ ಆಸ್ಪತ್ರೆ ಇರುವ ವಿಶಾಖಪಟ್ಟಣ ಹಿಂದೂಪುರಕ್ಕೆ ಎಂಟುನೂರು ಕಿ.ಮೀ.ಗೂ ಆಚೆ. ನಿಮ್ಹಾನ್ಸ್ ನೂರು ಕಿ.ಮೀ. ಆಸುಪಾಸಿನಲ್ಲಿ. ಹಾಗಾಗಿ ಚಿಕಿತ್ಸೆ ಕರ್ನಾಟಕದಲ್ಲಿ, ಪಿಂಚಣಿ, ಸದರಂ ಪ್ರಮಾಣಪತ್ರ ಆಂಧ್ರದಲ್ಲಿ. ಒಂದು ಕಡೆಯ ಚೀಟಿ ಇನ್ನೊಂದು ಕಡೆ ಅರ್ಥವಾಗಬೇಕು, ಮುಗಿದ ಮಾತ್ರೆ ಹತ್ತಿರದಲ್ಲೇ ಸಿಗಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ ಎಂದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಎರಡು ಭಾಷೆ, ಎರಡು ಸರ್ಕಾರ ಎರಡನ್ನೂ ಬಲ್ಲ ನರ್ಸ್ ಈ ಸೇತುವೆ ಆಗಬಲ್ಲಳು.

ಅಂದ ಹಾಗೆ, 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಗಡಿ ಅಡ್ಡಿಯಿಲ್ಲ. ಕನ್ನಡದಲ್ಲೂ ಮಾತಾಡಬಹುದು, ತೆಲುಗಿನಲ್ಲೂ. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ. ಈ ನಂಬರು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡುವಂಥದ್ದು.

ಏನು ಮಾಡಬಹುದು?

ದೊಡ್ಡ ಬಜೆಟ್ ಬೇಡದ ನಾಲ್ಕು ಕೆಲಸಗಳಿವೆ. ಒಂದು, ಪೋಸ್ಟಿಂಗ್‌ನ ಒಂದಷ್ಟು ದಿನವನ್ನು ದೊಡ್ಡ ಆಸ್ಪತ್ರೆಯಿಂದ ಬಿಡಿಸಿ ಜಿಲ್ಲಾ ಕಾರ್ಯಕ್ರಮದ ಹೊರರೋಗಿ ದಿನಗಳಿಗೆ, ಮನೆ ಭೇಟಿಗೆ ಕೊಡುವುದು. ಕರ್ನಾಟಕದಲ್ಲಿ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ಮಂಗಳವಾರಗಳು 2014ರಿಂದ ಇವೆ. ಅಂಥ ಕಡೆ ವಿದ್ಯಾರ್ಥಿ ಕಾಣುವುದು ಮಾತ್ರೆ ನುಂಗಿ ಕೆಲಸಕ್ಕೆ ಹೋಗುವವರನ್ನು. ಎರಡು, ವಾರ್ಡಿಗೆ ಕಾಲಿಡುವ ಮುಂಚೆಯೇ ಚೇತರಿಸಿಕೊಂಡ ಒಬ್ಬ ವ್ಯಕ್ತಿಯನ್ನೂ, ಅವರನ್ನು ಸಾಕಿದ ಒಬ್ಬ ತಾಯಿಯನ್ನೂ ತರಗತಿಗೆ ಕರೆಯುವುದು, ಅವರಿಗೆ ಇಷ್ಟವಿದ್ದರೆ ಮಾತ್ರ. ಮೂರು, ಕಷ್ಟ ಹೇಳುವ ಕನ್ನಡ, ತೆಲುಗು ಮಾತುಗಳ ಪಟ್ಟಿಯನ್ನು ವಿದ್ಯಾರ್ಥಿಗಳಿಂದಲೇ ಮಾಡಿಸುವುದು. ನಾಲ್ಕು, ಕಾಲೇಜಿನಲ್ಲಿ ವಿದ್ಯಾರ್ಥಿ ತನ್ನ ನೋವು ಹೇಳಿಕೊಂಡರೆ ಅದು ಅಂಕಪಟ್ಟಿಗೂ ಮನೆಗೂ ಹೋಗುವುದಿಲ್ಲ ಎಂಬ ಭರವಸೆ.

ಸಂಸ್ಥೆಗಳಿಗೂ ಈ ಸೀಮೆಯಲ್ಲಿ ಬರವಿಲ್ಲ. ಸರ್ಕಾರಿ ಆಸ್ಪತ್ರೆಗಳಿವೆ. ಫಾದರ್ ಫೆರರ್ 1969ರಲ್ಲಿ ಅನಂತಪುರಕ್ಕೆ ಬಂದು ಕಟ್ಟಿದ ಆರ್.ಡಿ.ಟಿ.ಯ ಆಸ್ಪತ್ರೆ ಕಲ್ಯಾಣದುರ್ಗದಲ್ಲಿದೆ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಸಂಸತ್ತು ಹೊಸ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ತಂದಿದೆ. ನಿಯಮ ತಿದ್ದುವ ಹೊತ್ತಿನಲ್ಲಿ ಪೋಸ್ಟಿಂಗ್ ಎಲ್ಲಿ, ಹೇಗೆ ಎಂಬ ಪ್ರಶ್ನೆಯನ್ನೂ ಎತ್ತಬಹುದು.

ಉಳಿದದ್ದು ನಮ್ಮ ಪಾಲು. ಮುಂದಿನ ಸಲ ಜಗಳದಲ್ಲಿ ಆ ಬೈಗುಳ ನಾಲಿಗೆಯ ತುದಿಗೆ ಬಂದಾಗ ನುಂಗಿಬಿಡೋಣ. ಕೇಳುತ್ತಾ ಪಕ್ಕದಲ್ಲಿ ನಿಂತ ಮಗಳು ನಾಳೆ ನರ್ಸ್ ಆಗುವವಳು. ನಾಡಿದ್ದು ನಮ್ಮಲ್ಲೇ ಯಾರಿಗೋ ನಿದ್ದೆ ಬಾರದಾದಾಗ ಅವಳೆದುರೇ ಹೋಗಿ ಕೂರಬೇಕಾಗುತ್ತದೆ.